ಬಾಣಂತಿ ಕೋಣೆಯ ಫ್ಯಾನು

ಕಳೆದ ವಾರ ಶಾಲೆ ಬಿಟ್ಟು ಹುಕ್ಕೇರಿಯ ನಮ್ಮ ಓಣಿಯಲ್ಲಿ ಮನೆಗೆ ಬರುತ್ತಿದ್ದೆ. ಮೂರನೇ ಮನೆಯ ಕಿಟಕಿಯಿಂದ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಸೇರಿದ ಹೊಗೆ ಬಂತು. ಆ ಮನೆಯ ಮಗಳು ಹೆರಿಗೆಗೆ ಬಂದಿದ್ದು ಗೊತ್ತಿತ್ತು, ಹೆತ್ತಿದ್ದಾಳೆಂದು ಈಗ ಮೂಗು ಹೇಳಿತು. ಏಪ್ರಿಲ್ ತಿಂಗಳ ಬಿಸಿಲು ಇನ್ನೂ ಇಳಿದಿರಲಿಲ್ಲ. ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿದ್ದರು. ನನಗೆ ಕಾಲು ಮುಂದೆ ಹೋಗಲಿಲ್ಲ. ಕರೆಯದಿದ್ದರೂ ಒಳಗೆ ಹೋಗಿ ಕೂಸಿನ ಮೈ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಕಾದಿರಲಿಲ್ಲ, ಚೆನ್ನಾಗಿ ಹಾಲು ಕುಡಿಯುತ್ತಿತ್ತು. ಮೇಲಿನ ವೆಂಟಿಲೇಟರ್ ತೆಗೆಸಿ, ಆ ಮನೆಯ ಅಜ್ಜಿಯಿಂದ ಬೈಸಿಕೊಂಡು ಹೊರಗೆ ಬಂದೆ. ಮನೆಗೆ ಬಂದು ಚಹಾ ಇಟ್ಟರೂ ಆ ಹೊಗೆಯ ವಾಸನೆ ಸೆರಗಿನಲ್ಲೇ ಇತ್ತು. ಎಂಟು ವರ್ಷದ ಹಿಂದೆ ನಾಗನೂರಿನ ತವರಿನಲ್ಲಿ ಅಂಥದೇ ಕೋಣೆಯೊಳಗೆ ಕಳೆದ ಬೇಸಿಗೆ ಒಂದೂ ದಿನ ಬಿಡದೆ ನೆನಪಾಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬಿಸಿ ಗಾಳಿ ಮೇಲೇರುತ್ತದೆ, ತಂಪು ಗಾಳಿ ಕೆಳಗಿಳಿಯುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತೇನೆ. ತಪ್ಪು ಹೇಳಿದ ಮಕ್ಕಳ ಮೇಲೆ ಸಿಡುಕುತ್ತೇನೆ. ನನ್ನ ಬಾಯಿಗೆ ಹೆಡ್ ಮಾಸ್ತರರೂ ಸ್ವಲ್ಪ ಹೆದರುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಚೇಷ್ಟೆ ಮಾಡುತ್ತಾರೆ. ಅಂಥ ನಾನು ಆ ಬೇಸಿಗೆಯಲ್ಲಿ ಆರು ದಿನ ಅವ್ವನ ಮುಂದೆ ಬಾಯಿ ಹೊಲಿದುಕೊಂಡು ಕೂತಿದ್ದೆ. ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.

ಮಾರ್ಚ್ ಕೊನೆಗೆ ಗೋಕಾಕದ ದವಾಖಾನೆಯಲ್ಲಿ ಮಗಳು ಹುಟ್ಟಿದಳು. ಮೂರನೇ ದಿನ ನಾಗನೂರಿಗೆ ಕರೆತಂದರು. ಬಾಣಂತಿ ಕೋಣೆಗೆ ಕಾಲಿಟ್ಟು ತಲೆ ಎತ್ತಿದರೆ ಫ್ಯಾನಿಗೆ ರೆಕ್ಕೆಗಳಿರಲಿಲ್ಲ. ಬೋಳು ಮೋಟರು ಮಾತ್ರ ಕಬ್ಬಿಣದ ಕೋಲಿಗೆ ಜೋತುಬಿದ್ದಿತ್ತು. ಬಾಣಂತಿಗೂ ಕೂಸಿಗೂ ಗಾಳಿ ತಾಗಬಾರದೆಂದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಫ್ಯಾನು ಬಂದ್ ಮಾಡುತ್ತಾರೆ. ನಮ್ಮ ಅವ್ವ ಮಾತ್ರ ಸ್ವಿಚ್ಚನ್ನು ನಂಬುವವಳಲ್ಲ. ಅಕ್ಕನ ಎರಡೂ ಬಾಣಂತನದಲ್ಲಿ ತಾನೇ ಸ್ಟೂಲ್ ಹತ್ತಿ, ಮೂರೂ ರೆಕ್ಕೆ ಬಿಚ್ಚಿ, ಹಳೆ ಚಾದರದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಳು.

"ಸ್ವಿಚ್ ಇದ್ರ ಯಾರರ ಒಬ್ಬರು ಒತ್ತೇ ಒತ್ತತಾರ. ರೆಕ್ಕೀನ ಇಲ್ಲಂದ್ರ ಒತ್ತಿ ಏನ್ ಮಾಡ್ತಾರ?" ಎನ್ನುವುದು ಅವಳ ಲೆಕ್ಕ.

ಅಕ್ಕನ ಬಾಣಂತನಗಳು ನಡೆದದ್ದು ಹಳೆ ಮನೆಯಲ್ಲಿ, ಮಣ್ಣಿನ ಮಾಳಿಗೆಯ ಕೆಳಗೆ, ಅದೂ ಮಾಗಿಯ ಚಳಿಯಲ್ಲಿ. ಫ್ಯಾನಿಲ್ಲದೆ ಸುಖವಾಗಿ ಕಳೆದವು. ನನ್ನ ಹೊತ್ತಿಗೆ ಮಾಳಿಗೆ ಹೋಗಿ ಸ್ಲ್ಯಾಬ್ ಬಂದಿತ್ತು. ಹಳೆ ಮನೆಯಿಂದ ಹೊಸ ಕೋಣೆಗೆ ಬಂದ ವಸ್ತು ಎಂದರೆ ಆ ಹಳೆ ಭಾರದ ಫ್ಯಾನು ಮತ್ತು ಅವ್ವನ ಕಟ್ಟುನಿಟ್ಟು. ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಸ್ಲ್ಯಾಬು ಕಾದ ಹಂಚಿನಂತಿರುತ್ತಿತ್ತು. ಕಿಟಕಿ ಮುಚ್ಚಿ, ವೆಂಟಿಲೇಟರಿಗೆ ರಟ್ಟು ಬಡಿದು, ಮಂಚದ ಬಾಜೂ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದರು. ಕೂಸಿಗೆ ತಲೆಗೆ ಕುಂಚಿಗೆ, ಮೈಗೆ ಎರಡು ಅಂಗಿ, ಮೇಲೆ ಕೌದಿಯ ತುಂಡು. ನನ್ನ ಬೆನ್ನಿನಿಂದ ಬೆವರು ಇಳಿದು ಹಾಸಿಗೆ ತೊಯ್ಯುತ್ತಿತ್ತು. ಬಾಣಂತಿಯ ಬೆವರು ಒಳ್ಳೆಯದು ಎಂದು ಅವ್ವ ಸಮಾಧಾನ ಹೇಳುತ್ತಿದ್ದಳು. ಹುಕ್ಕೇರಿಯಿಂದ ಗಂಡ ದಿನಾ ಫೋನ್ ಮಾಡಿ "ಎಲ್ಲಾ ಆರಾಮ?" ಎಂದರೆ "ಆರಾಮ" ಎನ್ನುತ್ತಿದ್ದೆ.

ಎಂಟನೇ ದಿನ ಕೂಸು ಬಹಳ ಹೊತ್ತು ಮಲಗಿತು. ಎಬ್ಬಿಸಿದರೆ ನಾಲ್ಕು ಗುಟುಕು ಚೀಪಿ ಮತ್ತೆ ಕಣ್ಣು ಮುಚ್ಚುತ್ತಿತ್ತು. "ಶಾಣೇ ಕೂಸು, ಅವ್ವಗ ತ್ರಾಸ ಕೊಡಂಗಿಲ್ಲ" ಎಂದು ನೋಡಲು ಬಂದ ಹೆಂಗಸರು ಹೊಗಳಿದರು. ನನಗೂ ಅದು ನಿಜವೆನಿಸಿತು. ಹತ್ತಾರು ವರ್ಷ ಪಾಠ ಮಾಡಿದ ತಲೆಗೆ ಅಷ್ಟೂ ಹೊಳೆಯಲಿಲ್ಲ.

ಒಂಬತ್ತನೇ ದಿನ ಮುಂಜಾನೆ ಆಶಾ ಕಾರ್ಯಕರ್ತೆ ಸುಜಾತಾ ಕೂಸನ್ನು ನೋಡಲು ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ನಾಗನೂರಿಗೇ ಮದುವೆಯಾಗಿ ಬಂದವಳು. ಕೋಣೆಗೆ ಬಂದವಳೇ ಮುಖ ಒರೆಸಿಕೊಂಡಳು. ಕೂಸಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಳು, ಜೋಳಿಗೆಯ ತಕ್ಕಡಿಯಲ್ಲಿ ತೂಗಿದಳು, ಆಮೇಲೆ ಅವ್ವನನ್ನು ಕೇಳಿದಳು.

"ನಿನ್ನಿಯಿಂದ ಎಷ್ಟ ಅರಿವಿ ಒದ್ದಿ ಮಾಡೇತ್ರಿ ಕೂಸು?"

"ಒಂದು. ಮುಂಜಾನೆ ಇನ್ನೊಂದೀಟು."

ಸುಜಾತಾಳ ದನಿ ಬದಲಾಯಿತು. "ಮೇಡಮ್ಮಾರ, ಈಗಿಂದೀಗ ಗೋಕಾಕಕ್ಕ ನಡೀರಿ. ಮೈ ಸುಡಾಕತ್ತೈತಿ. ತೂಕಾನೂ ಇಳದೈತಿ. ಇದು ಮನ್ಯಾಗ ಕಾಯೂ ಮಾತಲ್ಲ."

ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಹೆಸರಿಡೂತನಾ ಕೂಸಿನ್ನ ಹೊಸ್ತಿಲಾ ದಾಟಸಂಗಿಲ್ಲ. ಈ ಬಿಸಲಾಗ, ಈ ಗಾಳ್ಯಾಗ..."

"ಹೆಸರಿಡಾಕ ಕೂಸು ಇರಬೇಕಲ್ಲವಾ?"

ಅದು ನನ್ನ ಬಾಯಿಂದ ಬಂದ ಮಾತು. ಅವ್ವನ ಮುಖದಿಂದ ರಕ್ತ ಇಳಿದದ್ದು ಕಾಣಿಸಿತು. ಬೈಯುತ್ತಾಳೆ ಎಂದುಕೊಂಡೆ. ಅವಳು ಪಕ್ಕಕ್ಕೆ ಸರಿದಳು. ಪಡಸಾಲೆಯಲ್ಲಿದ್ದ ಅಪ್ಪ ಅಷ್ಟರಲ್ಲಿ ಆಟೋಗೆ ಫೋನ್ ಮಾಡಿಬಿಟ್ಟಿದ್ದ.

ಗೋಕಾಕದ ಆ ದಾರಿ ನನಗೆ ಈಗಲೂ ಉದ್ದವೆನಿಸುತ್ತದೆ. ಅರಭಾವಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರೊಂದು ದಾರಿಗೆ ಅಡ್ಡ ನಿಂತಿತ್ತು. ಅಪ್ಪ ಇಳಿದು ಹೋಗಿ ಅದರ ಡ್ರೈವರನ ಮೇಲೆ ಕೂಗಾಡಿದ. ಅಪ್ಪ ಕೂಗಾಡಿದ್ದು ನಾನು ಮೊದಲ ಸಲ ನೋಡಿದ್ದು. ನಾನು ಕೂಸಿನ ಮೂಗಿನ ಮುಂದೆ ಬೆರಳು ಹಿಡಿದು ಉಸಿರು ಬರುತ್ತಿದೆಯೇ ಎಂದು ಮತ್ತೆ ಮತ್ತೆ ನೋಡಿದೆ.

ಎರಡು ದಿನ ಇಟ್ಟುಕೊಂಡರು. ರಕ್ತ ತೆಗೆದರು, ಸಲಾಯಿನ್ ಹಚ್ಚಿದರು. ಅಷ್ಟು ಸಣ್ಣ ಕೈಗೆ ಸೂಜಿ ಚುಚ್ಚುವಾಗ ಅವ್ವ ಹೊರಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಮೂರನೇ ದಿನ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡರು.

"ಕೂಸಿಗಿ ಬ್ಯಾರೆ ಜಡ್ಡೇನೂ ಸಿಕ್ಕಿಲ್ಲ. ಖೋಲಿ ಕಾವಿಗಿ ಬಾಡೇತಿ, ಅದಕ್ಕ ಹಾಲು ಕುಡಿಯೂ ತ್ರಾಣ ಹೋಗೇತಿ. ಅಗ್ಗಿಷ್ಟಿಕಿ ಹೊರಗ ಹಾಕ್ರಿ. ಒಂದ ತೆಳ್ಳನ ಅರಿವಿ ಸಾಕು. ಮ್ಯಾಲಿನ ಝರೋಕಾ, ಅದ ವೆಂಟಿಲೇಟರ್, ತಗೀರಿ. ಫ್ಯಾನ್ ಸಣ್ಣಗ ಬಿಡ್ರಿ, ಕೂಸು ನಟ್ಟ ಬುಡಕ ಬ್ಯಾಡ. ಖೋಲ್ಯಾಗ ಗಾಳಿ ಆಡಬೇಕು ಅಷ್ಟ. ನಾಕ ದಿನ ಬಿಟ್ಟು ಕರಕೊಂಡ ಬರ್ರಿ, ತೂಕ ಏರಿರಬೇಕು. ನಡುವ ಮತ್ತ ಮೈ ಕಾದ್ರ, ಹಾಲು ಬಿಟ್ಟರ ಒಂದ ತಾಸೂ ಕಾಯಬ್ಯಾಡ್ರಿ. ಆವಾಗ ಬೆಳಗಾವಿ ದೊಡ್ಡ ದವಾಖಾನಿಗೇ ಕಳಸೂದಾಕೈತಿ."

ನಾಲ್ಕು ದಿನ. ಮನೆಗೆ ಬಂದು ಅವ್ವ ಎಲ್ಲವನ್ನೂ ತಾನೇ ಮಾಡಿದಳು. ಅಗ್ಗಿಷ್ಟಿಕೆ ಹಿತ್ತಲಿಗೆ ಹೋಯಿತು, ರಟ್ಟು ಕಿತ್ತಳು, ಕುಂಚಿಗೆ ಬಿಚ್ಚಿದಳು. ಫ್ಯಾನಿನ ಮಾತು ಬಂದಾಗ ಮಾತ್ರ ಕಲ್ಲಾದಳು.

"ಫ್ಯಾನ್ ಒಂದ ಬಿಟ್ಟು ಏನರ ಹೇಳು."

ವೆಂಟಿಲೇಟರಿನಿಂದ ಬರುವ ಗಾಳಿ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಮೊದಲ ದಿನ ಮಧ್ಯಾಹ್ನ ಕೂಸಿನ ಹಣೆ ಮತ್ತೆ ಬಿಸಿಯಾಗತೊಡಗಿತು. ಪಡಸಾಲೆಗೆ ಒಯ್ದರೆ ಅಲ್ಲಿ ಪಶ್ಚಿಮದ ಬಿಸಿಲು. ನಾನು ಒದ್ದೆ ಅರಿವೆಯಿಂದ ಕೂಸಿನ ಮೈ ಒರೆಸುತ್ತಾ, ಅವ್ವನನ್ನು ಬೈಯುತ್ತಾ, ಅಳುತ್ತಾ ಕೂತಿದ್ದೆ. ಸಿಟ್ಟು ನೆತ್ತಿಗೇರಿ ಎದ್ದು ಹೋಗಿ ಸ್ವಿಚ್ ಒತ್ತಿದೆ. ರೆಕ್ಕೆಯಿಲ್ಲದ ಮೋಟರಿನಿಂದ ಗಾಳಿ ಬರುವುದಿಲ್ಲವೆಂದು ಗೊತ್ತಿದ್ದೂ ಒತ್ತಿದೆ. ಬಹಳ ದಿನ ನಿಂತು ಬಿಗಿದಿತ್ತೋ ಏನೋ, ಅದು ತಿರುಗಲೂ ಇಲ್ಲ. ಗುಂಯ್ ಎಂದು ಒದರಿತು, ಸುಟ್ಟ ವಾಸನೆ ಬಂತು, ನಿಂತೇಹೋಯಿತು. ಕಾಯಿಲ್ ಸುಟ್ಟಿತ್ತು. ಇದ್ದ ಒಂದು ದಾರಿಯನ್ನೂ ನನ್ನ ಕೈಯಾರೆ ಮುಚ್ಚಿದ್ದೆ.

"ತಗೋ, ತಣ್ಣಗಾತಿಲ್ಲೋ?" ಎಂದು ಚೀರಿದೆ. "ಏನ ಸೇಡ ಐತಿ ನಿಂದು ಈ ಫ್ಯಾನಿನ ಮ್ಯಾಲೆ?"

ಅವ್ವ ನೆಲಕ್ಕೆ ಕೂತಳು. ಆ ದಿನ ಅವಳು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಯಾರ ಬಾಯಿಂದಲೂ ಕೇಳಿರಲಿಲ್ಲ. ಅಕ್ಕನಿಗಿಂತ ಮೊದಲು ಒಬ್ಬ ಹುಟ್ಟಿದ್ದನಂತೆ. ಗಂಡು. ಮನೆಗೆ ಆಗತಾನೇ ಕರೆಂಟು ಬಂದಿತ್ತು. ಅಪ್ಪ ಗೋಕಾಕದಿಂದ ಹೊಸ ಫ್ಯಾನು ಹೊತ್ತುಕೊಂಡು ಬಂದು ಜಂತಿಗೆ ಕಟ್ಟಿದ, ನೋಡಲು ಓಣಿಯೆಲ್ಲ ನೆರೆದಿತ್ತು. ಮಾಗಿಯ ಚಳಿ. ಆದರೂ ಬಂದವರಿಗೆಲ್ಲ ತೋರಿಸಬೇಕೆಂದು ಜೋರಾಗಿ ಬಿಟ್ಟ, ತೊಟ್ಟಿಲು ಕೆಳಗೇ ಇತ್ತು. ಕೂಸಿಗೆ ಕೆಮ್ಮು ಹತ್ತಿತು, ಎದೆ ಗೊರ್ ಗೊರ್ ಅಂದಿತು. ಎಂಟು ದಿನಕ್ಕೆ ಹೋಯಿತು.

"ಬಸಪ್ಪ ಅಂತ ಹೆಸರ ಇಡೂದಿತ್ತು," ಎಂದಳು ಅವ್ವ. "ಅವತ್ತಿನಿಂದ ನಿಮ್ಮಪ್ಪ ಫ್ಯಾನಿನ ಬುಡಕ ಒಮ್ಮಿನೂ ಮಲಗಿಲ್ಲ. ನೋಡೀಯಿಲ್ಲೋ?"

ನೋಡಿದ್ದೆ. ಬೇಸಿಗೆಯಲ್ಲೂ ಪಡಸಾಲೆಯಲ್ಲಿ ಟವೆಲು ಬೀಸಿಕೊಂಡು ಮಲಗುವ ಅಪ್ಪನಿಗೆ ಜುಗ್ಗತನವೆಂದು ಅಕ್ಕನೂ ನಾನೂ ನಗುತ್ತಿದ್ದೆವು. ಆ ಕೂಸಿಗೆ ಬೇರೇನೋ ರೋಗವಿದ್ದಿರಬಹುದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎದುರಿಗೆ ಕೂತವಳಿಗೆ ಪಾಠ ಬೇಕಿರಲಿಲ್ಲ. ಈ ಕಡೆ ನನ್ನ ಕೂಸಿನ ಮೈ ಕಾಯುತ್ತಲೇ ಇತ್ತು.

ರಾತ್ರಿ ಸೆಖೆಗೆ ಪಡಸಾಲೆಯಲ್ಲಿ ಮಲಗಿ ಮರುದಿನ ಮುಂಜಾನೆ ಕೋಣೆಗೆ ಬಂದಾಗ ಫ್ಯಾನಿನ ಮೋಟರು ಮೇಲಿರಲಿಲ್ಲ. ಅಪ್ಪ ಅದನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಮೊದಲ ಬಸ್ಸಿಗೇ ಗೋಕಾಕಕ್ಕೆ ಹೋಗಿದ್ದ. ಅಲ್ಲಿ ಇಸ್ಮಾಯಿಲ್ ಕಾಕಾನ ವೈಂಡಿಂಗ್ ಅಂಗಡಿ. ನಮ್ಮೂರಿನ ಬಾವಿ, ಬೋರುಗಳ ಪಂಪು ಸುಟ್ಟರೆ ಎಲ್ಲರೂ ಒಯ್ಯುವುದು ಅಲ್ಲಿಗೇ. ಆ ಇಡೀ ದಿನ ನಾನು ಮತ್ತು ಅವ್ವ ಸರದಿಯ ಮೇಲೆ ಕೂಸನ್ನು ಎತ್ತಿಕೊಂಡು ನೆರಳಿರುವ ಕಡೆಗೆಲ್ಲ ಸರಿದಾಡಿದೆವು. ಕೂಸು ಒದ್ದೆ ಮಾಡಿದ ಅರಿವೆಗಳನ್ನು ಎಣಿಸಿದೆವು. ಎರಡು, ಮೂರು. ಮೂರಕ್ಕೆ ನಿಂತಿತು. ಸುಜಾತಾ ಎರಡು ಸಲ ಬಂದು ಥರ್ಮಾಮೀಟರ್ ಇಟ್ಟಳು. "ಇನ್ನೊಂದ ಗೆರಿ ಏರಿದ್ರ ಹೊಂಟಬಿಡೂಣ್ರಿ" ಎಂದು ಆಟೋದವನಿಗೆ ಹೇಳಿಟ್ಟಳು.

ಸಂಜೆ ಐದಕ್ಕೆ ಅಪ್ಪ ಬಂದ. ಸ್ಟೂಲ್ ಹತ್ತಿ ಮೋಟರು ತೂಗುಹಾಕಿದ, ಅಟ್ಟದಿಂದ ರೆಕ್ಕೆ ಇಳಿಸಿ, ಅಂಟಿದ್ದ ಹಳೆ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದೊಂದಾಗಿ ಕೂರಿಸಿದ. ಅವ್ವ ಕೂಸನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಈಗ ಬೇಡ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅಪ್ಪ ಕೆಳಗಿಳಿದು ಎರಡನೇ ನಂಬರಿಗೆ ಬಿಟ್ಟ.

ಫ್ಯಾನು ತಿರುಗಿತು. ಗಾಳಿ ಬರಲಿಲ್ಲ.

ನಾನು ನಟ್ಟನಡುವೆ ನಿಂತು ಮುಖ ಎತ್ತಿದೆ, ಒಂದು ಕೂದಲೂ ಅಲುಗಲಿಲ್ಲ. ಮತ್ತೆ ನೋಡಿದರೆ ರೆಕ್ಕೆಗಳು ಹಿಂದುಮುಂದಾಗಿ ತಿರುಗುತ್ತಿದ್ದವು.

"ಇದು ಉಲ್ಟಾ ತಿರಗಾಕತ್ತೈತಲ್ಲಪಾ!" ಎಂದೆ. ಅಳುವೇ ಬಂದಿತ್ತು.

ಅಪ್ಪ ತಲೆ ಕೆರೆದುಕೊಂಡ. "ಕಾಕಾ ಎಲ್ಲ್ಯೋ ವಾಯರ್ ಅದಲಾಬದಲಿ ಮಾಡ್ಯಾನ ಕಾಣತೈತಿ. ಗಡಬಡಿ ಮಾಡಿದ್ದೆ ನಾನೂ. ನಾಳೆ ಒಯ್ದು ಮಾಡಿಸ್ಕೊಂಡ ಬರ್ತೇನಿ."

ಅವ್ವ ಕೂಸನ್ನು ಮಂಚದ ಮೇಲೆ ಮಲಗಿಸಿದಳು. ಅದರ ಮೇಲೆ ಅಂಗೈ ಹಿಡಿದಳು. ಕೈ ಇನ್ನೂ ಮೇಲಕ್ಕೆ ಎತ್ತಿದಳು. ಆಮೇಲೆ ಸಂಜೆಯ ಲೋಬಾನದ ತಟ್ಟೆ ತಂದು ಬಾಗಿಲ ಬಳಿ ಇಟ್ಟಳು. ಹೊಗೆ ತೆಳ್ಳಗೆ ಒಳಗೆ ಬಂತು, ಕೋಣೆಯ ನಡುವೆ ನೇರವಾಗಿ ಮೇಲೇರಿತು, ಸ್ಲ್ಯಾಬಿಗೆ ತಾಗಿ ಹರಡಿ ವೆಂಟಿಲೇಟರಿನಿಂದ ಹೊರಗೆ ಹೋಯಿತು. ನಾನು ಬೋರ್ಡಿನ ಮೇಲೆ ಬರೆಯುವ ಬಾಣಗಳೆಲ್ಲ ಕಣ್ಣೆದುರು ನಡೆದಾಡುತ್ತಿದ್ದವು. ಸ್ಲ್ಯಾಬಿನ ಕೆಳಗೆ ಮಡುಗಟ್ಟಿದ್ದ ಕಾವು ಕೂಸಿನ ಮೇಲೆ ಬೀಳದೆ ಹೊರಗೆ ಹೊರಟಿತ್ತು. ಸ್ವಲ್ಪ ಹೊತ್ತಿಗೆ ಕೋಣೆಯ ಬೆವರಿನ ಹಳೆ ವಾಸನೆ ಕಡಿಮೆಯಾಯಿತು.

"ಕೂಸಿನ ಮ್ಯಾಲೆ ಗಾಳಿ ಬೀಳಾಕತ್ತಿಲ್ಲಲ್ಲ," ಎಂದಳು ಅವ್ವ. "ಇರಲಿ ಬಿಡ್ರಿ. ಯಾರೂ ಮುಟ್ಟಬ್ಯಾಡ್ರಿ ಅದನ್ನ."

ಅಂದಿನಿಂದ ಸಂಜೆ ಸಂಜೆ ಅಪ್ಪ ಸ್ಲ್ಯಾಬಿನ ಮೇಲೆ ನೀರು ಸುರಿಯುವ ಕೆಲಸ ಹಿಡಿದ. ಮೂರನೇ ದಿನ ಐದು ಅರಿವೆ ಒದ್ದೆಯಾದವು. ನಾಲ್ಕನೇ ದಿನ ಕೂಸು ಹಸಿವಿಗೆ ಅತ್ತಿತು. ಅಷ್ಟು ಚಂದದ ಅಳು ನಾನು ಕೇಳಿರಲಿಲ್ಲ. ಗೋಕಾಕದಲ್ಲಿ ಡಾಕ್ಟರಮ್ಮ ತೂಗುವಾಗ ಕೂಸು ಕಾಲು ಝಾಡಿಸಿತು, ತಕ್ಕಡಿಯ ಅಂಕಿ ನಿಲ್ಲಲೊಲ್ಲದು. ಅವರು ಹಳೆ ಚೀಟಿ ತೆಗೆದು ನೋಡಿದರು, ಮತ್ತೊಮ್ಮೆ ತೂಗಿದರು. ಅವ್ವ ನನ್ನ ಮುಂಗೈ ಹಿಡಿದಿದ್ದಳು, ಅವಳ ಉಗುರು ನಟ್ಟ ಗುರುತು ಮರುದಿನವೂ ಇತ್ತು.

"ಏರೇತಿ," ಎಂದರು ಡಾಕ್ಟರಮ್ಮ. "ಬೆಳಗಾವಿ ಬ್ಯಾಡ. ಹಿಂಗ ನಡಸ್ರಿ."

ಮೇ ತಿಂಗಳಲ್ಲಿ ಇಸ್ಮಾಯಿಲ್ ಕಾಕಾ ಯಾರದೋ ಪಂಪು ಕೂರಿಸಲು ಊರಿಗೆ ಬಂದವನು ನಮ್ಮ ಮನೆಗೂ ಬಂದ. ಅಷ್ಟರಲ್ಲಿ ಉಲ್ಟಾ ಫ್ಯಾನಿನ ಸುದ್ದಿ ಊರಲ್ಲೆಲ್ಲ ಹರಡಿ ಜನ ಅವನನ್ನು ಕಾಡಿಸುತ್ತಿದ್ದರು. ಅವನು ನಕ್ಕು, ಫ್ಯಾನಿಗೆ ಎರಡೂ ಕಡೆ ತಿರುಗುವಂತೆ ಒಂದು ಸಣ್ಣ ಸ್ವಿಚ್ ಕೂರಿಸಿಕೊಟ್ಟ.

"ಪಂಖಾ ಖೋಲೀನ ತಂಪ ಮಾಡಂಗಿಲ್ಲವಾ, ಮನಷ್ಯಾರ ಮೈ ತಂಪ ಮಾಡತೈತಿ," ಎಂದು ನನಗೇ ಪಾಠ ಹೇಳಿದ. "ಖೋಲ್ಯಾಗ ಯಾರೂ ಇಲ್ಲಂದ್ರ ಬಂದ್ ಮಾಡ್ರಿ. ಬ್ಯಾಸಗ್ಯಾಗ ಸೀದಾ, ಎಷ್ಟ ಬೇಕ ಅಷ್ಟ. ಮಾಗ್ಯಾಗ ಹಿಂಗ ಉಲ್ಟಾ, ಸಾವಕಾಶ. ಝರೋಕಾ ಮುಚ್ಚಿ ಬಿಟ್ರ ಮ್ಯಾಲಿನ ಕಾವು ಗ್ವಾಡಿ ಹಿಡಕೊಂಡ ಕೆಳಗ ಬರತೈತಿ. ಧೂಳ ಕುಂತ ರೆಕ್ಕಿ ಕರೆಂಟ್ ತಿಂತೈತಿ, ಗಾಳಿ ಕೊಡಂಗಿಲ್ಲ."

ಇವತ್ತಿಗೂ ಹುಕ್ಕೇರಿಯ ನಮ್ಮ ಮನೆಯಲ್ಲಿ ಇದೇ ಕ್ರಮ. ಸಂಕ್ರಮಣಕ್ಕೊಮ್ಮೆ ಯುಗಾದಿಗೊಮ್ಮೆ ರೆಕ್ಕೆ ಒರೆಸುತ್ತೇನೆ. ಚಳಿಗಾಲದಲ್ಲಿ ಫ್ಯಾನು ಹಿಂದುಮುಂದಾಗಿ ತಿರುಗುವುದನ್ನು ನೋಡಿ ಬಂದವರು ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅವರಿಗೂ ಪಾಠ ಹೇಳಿಯೇ ಕಳಿಸುತ್ತೇನೆ.

ಜೂನ್ ಕೊನೆಯಾದರೂ ಆ ವರ್ಷ ಮಳೆ ತಡವಾಗಿತ್ತು. ಹುಕ್ಕೇರಿಗೆ ಹೊರಡುವ ದಿನ ಅವ್ವ ಕೂಸಿನ ಅರಿವೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಮಗಳು ದುಂಡಗಾಗಿದ್ದಳು, ನನಗೆ ಚೇಷ್ಟೆ ಮಾಡುವ ಧೈರ್ಯ ಬಂದಿತ್ತು.

"ಕಾಕಾ ಅದೊಂದ ತಪ್ಪ ಮಾಡಿದ್ದಕ್ಕ ಪಾಡಾತು ನೋಡವಾ. ಸೀದಾ ತಿರಗಿದ್ರ ನೀ ಬಿಡತಿದ್ದೇನ?"

ಅವ್ವ ಮಡಚುವುದನ್ನು ನಿಲ್ಲಿಸಲಿಲ್ಲ. "ನೀ ಸಾಲಿ ಕಲಿಸಾಕಿ. ಪಂಪ್ ಉಲ್ಟಾ ತಿರಗಿದ್ರ ನೀರ ಎತ್ತತೈತೇನ?"

"ಇಲ್ಲ."

"ಈ ಊರಿನ ಅರ್ಧ ಪಂಪ ಕಟ್ಟಿದ ಕೈ ಅದು. ಒಂದರ ಉಲ್ಟಾ ತಿರಗಿದ್ದು ಕೇಳೀಯೇನ? ಅಂಥಾಂವ ಒಂದ ಫ್ಯಾನಿಗಿ ತಪ್ಪತಾನ? ನಿಮ್ಮಪ್ಪ ಬಾಜೂ ಕುಂತು ಮಾಡ್ಸ್ಯಾರ ಅದನ್ನ. ನಾ ಕೈ ಹಿಡದು ನೋಡಿದ್ರ ಗಾಳಿ ಬಡೀಬಾರದಂತ."

ನಾನು ಅವಳ ಕಡೆ ತಿರುಗಿದೆ. "ಗೊತ್ತಿದ್ದೂ ಸುಮ್ಮನಿದ್ದೇನ?"

"ಸ್ಟೂಲ್ ಮ್ಯಾಲೆ ನಿಂತಾಗ ನೀ ಅವರ ಕೈ ನೋಡಲಿಲ್ಲ. ಬೊಲ್ಟ್ ಎರಡ ಸಲ ಕೆಳಗ ಬಿತ್ತು. ನಾ ಬ್ಯಾಡ ಅಂದಿದ್ರ ಇಳದು ಹೊರಗ ಹೋಗತಿದ್ರು. ಸಾಯೂತನಾ ಒಳಗ ಬರತಿರಲಿಲ್ಲ." ಅವ್ವ ಕೊನೆಯ ಅರಿವೆಯನ್ನು ತೊಡೆಯ ಮೇಲಿಟ್ಟುಕೊಂಡು ಕೈಯಿಂದ ಸವರಿದಳು. "ಬಸಪ್ಪ ಹೋದ ದಿನ ಅವರಿಗೆ ಒಂದ ಮಾತ ಅಂದಿದ್ದೆ. 'ನೀವ ಕೊಂದ್ರಿ' ಅಂದಿದ್ದೆ. ಅದನ್ನ ಹಿಂದಕ್ಕ ತಗೊಳ್ಳಾಕ ಇಷ್ಟು ವರ್ಷ ನನಗ ಬಾಯಿ ಬರಲಿಲ್ಲ."

ಹೊರಗೆ ಪಡಸಾಲೆಯಲ್ಲಿ ಅಪ್ಪ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಟವೆಲು ಬೀಸುತ್ತಿದ್ದ. ಅವ್ವ ಚೀಲದ ಬಾಯಿ ಕಟ್ಟಿ ಎದ್ದಳು, ಬಾಗಿಲಿಗೆ ಹೋಗಿ ನಿಂತಳು.

"ಬಿಸಲಾಗ ಯಾಕ ಕುಂತೀರಿ?" ಎಂದಳು. "ಕೂಸಿನ್ನ ಕರಕೊಂಡ ಒಳಗ ಬರ್ರಿ. ಫ್ಯಾನ್ ಸೀದಾ ಹಚ್ಚೇನಿ."

ಅಪ್ಪ ಬೀಸುವುದನ್ನು ನಿಲ್ಲಿಸಿದ. ಆಮೇಲೆ ಟವೆಲು ಹೆಗಲಿಗೆ ಹಾಕಿ, ಕೂಸನ್ನು ಎತ್ತಿಕೊಂಡು ಒಳಗೆ ಬಂದು ಫ್ಯಾನಿನ ಕೆಳಗೆ ಕೂತ.